ಒಂದೇ ಪೆಲೆಟ್, ಮೂರು ತೂಕ: ಮಿಲಿಗ್ರಾಂ ತಕ್ಕಡಿಯಲ್ಲಿ ಪೆಲೆಟ್ ವಿಂಗಡಿಸೋದು ಹೇಗೆ?

ಹಿಂಜವಡಿ_ಹತ್ತುಮೀಟರ್

ಎಲ್ಲರಿಗೂ ನಮಸ್ಕಾರ. ನಾನು 10 ಮೀಟರ್ ಏರ್ ರೈಫಲ್ ಶೂಟರ್, ಅಭ್ಯಾಸ ಪುಣೆಯ ಬಾಲೇವಾಡಿಯಲ್ಲಿ. ಮ್ಯಾಚ್‌ಗೆ ಇಟ್ಟುಕೊಳ್ಳುವ ಪೆಲೆಟ್‌ಗಳನ್ನು ತೂಕ ನೋಡಿ ವಿಂಗಡಿಸಬೇಕು ಅಂದುಕೊಂಡಿದ್ದೇನೆ. ಪೆಲೆಟ್ ಅಂದರೆ ಸೀಸದ ಸಣ್ಣ ಗುಂಡು; ನನ್ನದು 4.5 ಮಿ.ಮೀ., ಚಪ್ಪಟೆ ತಲೆಯದು. ಡಬ್ಬಿಯ ಮೇಲೆ ತೂಕ 0.53 ಗ್ರಾಂ, ಹೆಡ್ (ತಲೆಯ ವ್ಯಾಸ) 4.50 ಅಂತ ಇದೆ. ತಕ್ಕಡಿ 20 ಗ್ರಾಂ ಸಾಮರ್ಥ್ಯದ ಡಿಜಿಟಲ್, 0.001 ಗ್ರಾಂವರೆಗೆ ತೋರಿಸುತ್ತದೆ.

ತೊಂದರೆ ಏನೆಂದರೆ ಒಂದೇ ಪೆಲೆಟ್ ತೆಗೆದು ಮತ್ತೆ ಇಟ್ಟರೆ ಒಮ್ಮೆ 0.529, ಒಮ್ಮೆ 0.533, ಇನ್ನೊಮ್ಮೆ 0.531. ಹೀಗಿದ್ದಾಗ ಯಾವುದನ್ನು ನಂಬಬೇಕು? ತಕ್ಕಡಿ ಕೆಟ್ಟಿದೆಯಾ, ಇಡುವ ರೀತಿ ತಪ್ಪಾ? ಒಂದೊಂದು ಮಿಲಿಗ್ರಾಂಗೆ ಒಂದೊಂದು ಗುಂಪು ಮಾಡಬೇಕಾ, ಅಥವಾ ಇನ್ನೂ ಅಗಲ ಇಟ್ಟುಕೊಂಡರೆ ಸಾಕಾ? ಇಷ್ಟೆಲ್ಲ ಮಾಡಿದರೆ ಸ್ಕೋರ್‌ನಲ್ಲಿ ಎಷ್ಟು ವ್ಯತ್ಯಾಸ ನಿರೀಕ್ಷಿಸಬಹುದು ಅಂತಲೂ ತಿಳಿಸಿ.

ಧಾರವಾಡ_ಕೊಥ್ರೂಡ

ನೋಡ್ರಿ, ತಕ್ಕಡಿ ಕೆಟ್ಟಿಲ್ಲ. 0.001 ಅನ್ನೋದು ಪರದೆ ಮ್ಯಾಲೆ ಕಾಣೋ ಸಣ್ಣ ಅಂಕಿ ಅಷ್ಟ. ಅಷ್ಟು ಕರಾರುವಾಕ್ಕಾಗಿ ತೂಗತದ ಅಂತ ಅದರರ್ಥ ಅಲ್ಲ. ಮೊದಲ ಅದರ ಚಂಚಲತೆ ಎಷ್ಟದ ಅಂತ ಅಳೀಬೇಕು. ಒಂದೇ ಪೆಲೆಟ್ ಹತ್ತು ಸಲ ತೂಗ್ರಿ. ಪ್ರತಿ ಸಲ ಪೂರ್ತಿ ತೆಗೀರಿ, ಸೊನ್ನೆ ಬರೋ ತನಕ ತಡೀರಿ, ನಡುವ ಇಡ್ರಿ, ಅಂಕಿ ನಿಂತ ಮ್ಯಾಲೆ ಬರಕೊಳ್ರಿ. ಅತಿ ಹೆಚ್ಚಿನದರಾಗ ಅತಿ ಕಡಿಮೀದು ಕಳೆದು ಮೂರರಿಂದ ಭಾಗಿಸ್ರಿ. ಬರೋದು ಸುಮಾರಾಗಿ ತಕ್ಕಡಿಯ ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದ್ರ ಅಂಕಿ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗತದ ಅನ್ನೋ ಅಳತೆ. ನಿಮಗ ಮೂರೇ ಸಲಕ್ಕ 4 ಮಿಲಿಗ್ರಾಂ ಅಂತರ ಬಂದದ, ಹತ್ತು ಸಲಕ್ಕ ಇನ್ನೂ ಅಗಲ ಆಗಬಹುದು. ಒಂದು ಒಳ್ಳೆ ಡಬ್ಬಿಯ ಪೆಲೆಟ್‌ಗಳ ನಡುವಿನ ವ್ಯತ್ಯಾಸನೂ ಹೆಚ್ಚುಕಮ್ಮಿ ಇಷ್ಟ ಇರತದ. ಅಂದ್ರ ಈಗಿನ ಸ್ಥಿತಿಯೊಳಗ ವಿಂಗಡಿಸಿದ್ರ ನೀವು ಪೆಲೆಟ್ ಅಲ್ಲ, ತಕ್ಕಡಿಯ ತಪ್ಪನ್ನ ವಿಂಗಡಿಸಿದಂಗ.

ಜಾಗ ಬದಲಿಸ್ರಿ. ಪ್ಲೈವುಡ್ ಟೇಬಲ್ ಬ್ಯಾಡ, ಮೊಣಕೈ ಊರಿದ್ರೂ ಬಾಗತದ. ಗ್ವಾಡಿಗೆ ಸೇರಿಸಿ ಕಟ್ಟಿದ ಕಡಪಾ ಕಲ್ಲಿನ ಕಟ್ಟೆ ಎಲ್ಲಕ್ಕಿಂತ ಚಲೋ, ಆದ್ರ ಅಡಿಗೆಮನಿದು ಅಲ್ಲ, ಸೀಸದ ಕೆಲಸ ಇದು. ಬ್ಯಾರೆ ಒಂದು ಕಲ್ಲಿನ ತುಂಡು ತಂದು ಕೆಳಗ ರಬ್ಬರ್ ಚಾಪಿ ಹಾಸಿದ್ರೂ ಆತು. ಗುಳ್ಳೆ ನಡುವ ಬರೋ ಹಂಗ ಲೆವೆಲ್ ಮಾಡ್ರಿ. ಫ್ಯಾನ್ ಬಂದ್, ಎಸಿ ಬಂದ್, ಬಾಲ್ಕನಿ ಬಾಗಿಲ ಬಂದ್. ತಕ್ಕಡಿಯ ಮುಚ್ಚಳ ಸಣ್ಣದಿದ್ರ ಒಂದು ರಟ್ಟಿನ ಡಬ್ಬಿ ಬೋರಲ ಹಾಕಿ ಮುಂದಿನ ಒಂದು ಬದಿ ಕತ್ತರಿಸ್ರಿ. ಉಸಿರು ಸುದ್ದಾ ಅಂಕಿ ಅಲುಗಸತದ. ಮೊಬೈಲ್ ಪಕ್ಕದಾಗ ಇಡಬ್ಯಾಡ್ರಿ.

ಆನ್ ಮಾಡಿದ ಕೂಡಲೇ ತೂಗೋದು ದೊಡ್ಡ ತಪ್ಪು. ಲೋಡ್‌ಸೆಲ್ (ತೂಕ ಅಳೆಯೋ ಭಾಗ) ಮತ್ತ ಸರ್ಕ್ಯೂಟ್ ಬೆಚ್ಚಗಾಗೋ ತನಕ ಅಂಕಿ ಒಂದೇ ದಿಕ್ಕಿಗೆ ಜಾರತಿರತದ. ಅರ್ಧ ತಾಸು ಹಂಗ ಬಿಡ್ರಿ, ಆಮ್ಯಾಲೆ ಕ್ಯಾಲಿಬ್ರೇಶನ್ (ಗೊತ್ತಿರೋ ತೂಕ ಇಟ್ಟು ತಕ್ಕಡಿ ಹೊಂದಿಸೋದು). ತಾನಾಗೇ ಆಫ್ ಆಗೋ ಸೆಟ್ಟಿಂಗ್ ಇದ್ರ ತೆಗೀರಿ. ಬ್ಯಾಟರಿ ಇಳಿದ್ರೂ ರೀಡಿಂಗ್ ಜಾರತದ, ಹೊಸಾ ಸೆಲ್ ಹಾಕ್ರಿ.

ಪೆಲೆಟ್ ನೇರ ತಟ್ಟೆ ಮ್ಯಾಲೆ ಇಟ್ರ ಉರುಳಿ ಅಂಚಿಗೆ ಹೋಗತದ. ನಡುವಿಗೆ ಒಂದು ಅಂಕಿ, ಅಂಚಿಗೆ ಒಂದು ಅಂಕಿ. ತಳ ಗೋಲ ಇರೋ, 8 ಗ್ರಾಂಗಿಂತ ಹಗುರಾದ ಸಣ್ಣ ಲೋಹದ ಬಟ್ಟಲ ನಡುವ ಇಟ್ಟು ಟೇರ್ (ಅಂಕಿಯನ್ನ ಸೊನ್ನೆ ಮಾಡೋ ಗುಂಡಿ) ಒತ್ರಿ. ಕುಂಕುಮದ ಬಟ್ಟಲದ ಮುಚ್ಚಳ ಸಾಕಾಗತದ. ಪ್ಲಾಸ್ಟಿಕ್ ಬ್ಯಾಡ. ಪುಣ್ಯಾದಾಗ ಡಿಸೆಂಬರ್‌ನಿಂದ ಗಾಳಿ ಒಣಗಿರತದ, ಪ್ಲಾಸ್ಟಿಕ್ ಬಟ್ಟಲಕ್ಕೂ ಅಕ್ರಿಲಿಕ್ ಮುಚ್ಚಳಕ್ಕೂ ಸ್ಥಿರ ವಿದ್ಯುತ್ ಏರಿ ಒಂದನ್ನೊಂದು ಎಳೀತಾವ, ಅಂಕಿ ನಿಲ್ಲೂದಿಲ್ಲ. ಮುಚ್ಚಳ ಹಸಿ ಬಟ್ಟಿಲೆ ಒರಸಿದ್ರ ಕಡಿಮಿ ಆಗತದ.

ಕ್ಯಾಲಿಬ್ರೇಶನ್ ಬಗ್ಗೆ ಒಂದು ಮಾತು. ಈ ತಕ್ಕಡಿ ಅಳೆಯೋದು ಬಲವನ್ನ, ಅದನ್ನ ಗ್ರಾಂ ಮಾಡಿ ತೋರಸತದ. ಗುರುತ್ವ ಪ್ರಮಾಣಿತ ಬೆಲೆ 9.80665, ಪುಣ್ಯಾದಾಗ ಸುಮಾರು 9.784. ಬ್ಯಾರೆ ಕಡೆ ಹೊಂದಿಸಿದ ತಕ್ಕಡಿ ಇಲ್ಲಿ ಹಂಗ ಬಳಸಿದ್ರ 0.530 ಇರೋದು ಸುಮಾರು 0.529 ತೋರಸತದ. ಅದಕ್ಕ ಬಳಸೋ ಊರಾಗ ಒಮ್ಮೆ ಕ್ಯಾಲಿಬ್ರೇಟ್ ಮಾಡಬೇಕು. ಮುಂಬೈ-ಪುಣೆ ನಡುವಿನ ವ್ಯತ್ಯಾಸಕ್ಕ ತಲಿ ಕೆಡಿಸಿಕೊಳ್ಳೋದು ಬ್ಯಾಡ, ಅದು ಒಂದು ಪೆಲೆಟ್‌ಗೆ ಸುಮಾರು 0.1 ಮಿಲಿಗ್ರಾಂ ಅಷ್ಟ. ತೂಕದ ಬಟ್ಟುಗಳಿಗೆ ನಿಖರತೆಯ ವರ್ಗ ಇರತಾವ: ಎಫ್2 ವರ್ಗದ 20 ಗ್ರಾಂದು ಇದ್ರ ಅದರ ತಪ್ಪಿನ ಮಿತಿ 0.8 ಮಿಲಿಗ್ರಾಂ, ಎಂ1 ಆದ್ರ 2.5. 20 ಗ್ರಾಂಗೆ 2.5 ಮಿಲಿಗ್ರಾಂ ಅಂದ್ರ ನಿಮ್ಮ ಅರ್ಧ ಗ್ರಾಂ ಪೆಲೆಟ್‌ಗೆ 0.07 ಮಿಲಿಗ್ರಾಂ ಬರತದ, ಹಿಂಗಾಗಿ ಎಂ1 ಧಾರಾಳ ಸಾಕು. ದುಡ್ಡು ಹೆಚ್ಚಿದ್ರ ಅದನ್ನ 500 ಮಿಲಿಗ್ರಾಂನ ಒಂದು ಎಫ್2 ಬಟ್ಟಿಗೆ ಹಾಕ್ರಿ. 20ಕ್ಕ ಸರಿ ಇದ್ದ ತಕ್ಕಡಿ ಅರ್ಧ ಗ್ರಾಂನಾಗ ಸರಿ ಇಲ್ಲದೇ ಇರಬಹುದು, ಅದು ಗೊತ್ತಾಗೋದು ಇದರಿಂದನ. ಮುಂಬೈಗೆ ಹೋಗೋದಿದ್ರ ಝವೇರಿ ಬಜಾರದ ತಕ್ಕಡಿ ಅಂಗಡಿಯೊಳಗ ಕೇಳ್ರಿ. ಬಟ್ಟು ಕೈಯಿಂದ ಮುಟ್ಟಬ್ಯಾಡ್ರಿ, ಚಿಮಟಾ ಬಳಸ್ರಿ.

ಇನ್ನೊಂದು ರೂಢಿ ಇಟ್ಟುಕೊಳ್ರಿ. ಒಂದು ಪೆಲೆಟ್ ತೆಗೆದು ಸಾಕ್ಷಿಗೆ ಬ್ಯಾರೆ ಇಡ್ರಿ. ಪ್ರತಿ 20 ಪೆಲೆಟ್ ಆದ ಮ್ಯಾಲೆ ಅದನ್ನ ತೂಗ್ರಿ. 2 ಮಿಲಿಗ್ರಾಂಗಿಂತ ಹೆಚ್ಚು ಸರದಿದ್ರ ಹಿಂದಿನ 20 ಮತ್ತ ತೂಗಬೇಕು. ಯೂನಿಟ್ ಗ್ರಾಂನಾಗ ಇರಲಿ. ಕೆಲವು ತಕ್ಕಡಿ ಗ್ರೇನ್ ಅನ್ನೋ ಇನ್ನೊಂದು ತೂಕದ ಮಾನಕ್ಕ ಬದಲಿಸಿದ್ರ 0.02ರ ಹೆಜ್ಜಿ ಹಾಕತಾವ, ಅದು 1.3 ಮಿಲಿಗ್ರಾಂ, ಇದ್ದದ್ದಕ್ಕಿಂತ ಒರಟು.

ವರ್ಲಿ_ಲೇನ್

ಮೇಲಿನವರು ಹೇಳಿದ ಕ್ರಮ ಸರಿ ಉಂಟು. ಆದರೆ ಮೂಲ ಪ್ರಶ್ನೆಯ ಕೊನೆಯ ಸಾಲಿಗೆ ಉತ್ತರ ಮೊದಲು ಗೊತ್ತಾದರೆ ಎಷ್ಟು ಶ್ರಮ ಹಾಕಬೇಕು ಅಂತ ನೀವೇ ತೀರ್ಮಾನಿಸಬಹುದು.

0.53 ಗ್ರಾಂ ಪೆಲೆಟ್, 7.5 ಜೂಲ್ ರೈಫಲ್ ಅಂತ ಇಟ್ಟುಕೊಳ್ಳಿ. ನಳಿಗೆ ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 168 ಮೀಟರ್. 10 ಮೀಟರ್ ಹೋಗಲಿಕ್ಕೆ 0.06 ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಪೆಲೆಟ್ ಗುರುತ್ವದಿಂದ ಇಳಿಯುವುದು ಸುಮಾರು 18 ಮಿ.ಮೀ. ರೈಫಲ್ ಕೊಡುವ ಶಕ್ತಿ ಅಷ್ಟೇ ಅಂತಾದರೆ, ಪೆಲೆಟ್ ಶೇಕಡಾ 1ರಷ್ಟು ಭಾರ ಆದಾಗ ವೇಗ ಶೇಕಡಾ ಅರ್ಧ ಇಳಿಯುತ್ತದೆ, ಇಳಿತ ಶೇಕಡಾ 1 ಹೆಚ್ಚುತ್ತದೆ. ಅಂದರೆ 5 ಮಿಲಿಗ್ರಾಂ ವ್ಯತ್ಯಾಸಕ್ಕೆ ಗುರಿ ಹಲಗೆಯಲ್ಲಿ 0.17 ಮಿ.ಮೀ. ಮೇಲೆ-ಕೆಳಗೆ. 1 ಮಿಲಿಗ್ರಾಂಗೆ 0.034 ಮಿ.ಮೀ.

ಏರ್ ರೈಫಲ್ ಟಾರ್ಗೆಟ್‌ನಲ್ಲಿ ಪ್ರತಿ ದಶಮಾಂಶದ (ಅಂಕದ ಹತ್ತನೇ ಒಂದು ಭಾಗದ) ಅಗಲ 0.25 ಮಿ.ಮೀ. 10.9 ಬೇಕಾದರೆ ಪೆಲೆಟ್‌ನ ಕೇಂದ್ರ ನಡುಬಿಂದುವಿನಿಂದ 0.25 ಮಿ.ಮೀ. ಒಳಗೆ ಬೀಳಬೇಕು, 10.0 ಬೇಕಾದರೆ 2.5 ಮಿ.ಮೀ. ಒಳಗೆ. 5 ಮಿಲಿಗ್ರಾಂ ತಪ್ಪಿದ ಪೆಲೆಟ್ ನೇರ ಮೇಲೆ ಅಥವಾ ನೇರ ಕೆಳಗೆ ಹೋಗುವ ಹೊಡೆತದಲ್ಲಿ ಕೂಡ ಒಂದು ದಶಮಾಂಶದ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತಿನ್ನುವುದಿಲ್ಲ. ಬದಿಗೆ ಹೋದ ಹೊಡೆತಕ್ಕೆ ಅದರ ಪರಿಣಾಮ ಇಲ್ಲವೇ ಇಲ್ಲ ಅನ್ನಬಹುದು.

ಈಗ ಇದನ್ನು ರೈಫಲ್‌ನ ಸ್ವಂತ ಹರಡಿಕೆಯ ಪಕ್ಕದಲ್ಲಿ ಇಟ್ಟು ನೋಡಿ. ಕ್ಲ್ಯಾಂಪ್‌ನಲ್ಲಿ ಬಿಗಿದು 10 ಹೊಡೆತ ಹಾಕಿದಾಗ ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ 7 ಮಿ.ಮೀ. ಬಂದರೆ ಅದು ಒಳ್ಳೆಯ ಗುಂಪು. ಅದರಲ್ಲಿ 4.5 ಕಳೆದರೆ ಕೇಂದ್ರದಿಂದ ಕೇಂದ್ರಕ್ಕೆ 2.5 ಮಿ.ಮೀ. 10 ಹೊಡೆತದ ಗುಂಪಿನ ಅಗಲ ಸರಾಸರಿ 3.8 ಸಿಗ್ಮಾ (ಸ್ಟ್ಯಾಂಡರ್ಡ್ ಡೀವಿಯೇಶನ್) ಇರುತ್ತದೆ, ಆದ್ದರಿಂದ ಒಂದು ಹೊಡೆತದ ಸಿಗ್ಮಾ ಸುಮಾರು 0.65 ಮಿ.ಮೀ. ಡಬ್ಬಿಯೊಳಗಿನ ತೂಕದ ಸಿಗ್ಮಾ 3 ಮಿಲಿಗ್ರಾಂ ಇದ್ದರೂ ಅದರ ಪಾಲು 0.1 ಮಿ.ಮೀ. ಇವು ನೇರವಾಗಿ ಕೂಡುವುದಿಲ್ಲ, ವರ್ಗಗಳಾಗಿ ಕೂಡುತ್ತವೆ. 0.65ರ ವರ್ಗದಿಂದ 0.1ರ ವರ್ಗ ಕಳೆದರೆ ಉಳಿಯುವುದು 0.642. ಅಂದರೆ ಎಲ್ಲ ಪೆಲೆಟ್‌ಗಳನ್ನೂ ಒಂದೇ ತೂಕದವನ್ನಾಗಿ ಮಾಡಿದರೂ ಗುಂಪು ಶೇಕಡಾ 1ರಷ್ಟು ಕಿರಿದಾಗಬಹುದು.

ಹಾಗಾಗಿ ಒಂದೊಂದು ಮಿಲಿಗ್ರಾಂಗೆ ಒಂದು ಗುಂಪು ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಏರ್ ಪಿಸ್ತೂಲ್‌ನವರಂತೂ ತೂಕದ ಗೊಡವೆಗೇ ಹೋಗಬೇಡಿ. ಅಲ್ಲಿ ದಶಮಾಂಶದ ಅಗಲ 0.8 ಮಿ.ಮೀ.

ಹಿಂಜವಡಿ_ಹತ್ತುಮೀಟರ್

ಇಬ್ಬರಿಗೂ ತುಂಬ ಥ್ಯಾಂಕ್ಸ್. ಲೆಕ್ಕ ನೋಡಿದ ಮೇಲೆ ಮಿಲಿಗ್ರಾಂ ಗುಂಪುಗಳ ಯೋಚನೆ ಬಿಟ್ಟೆ. ಹಾಗಾದರೆ ತೂಗುವುದೇ ಬೇಡವಾ, ಅಥವಾ ಯಾವುದಾದರೂ ಒಂದು ಮಿತಿ ಇಟ್ಟುಕೊಂಡು ಕೆಟ್ಟದ್ದನ್ನು ತೆಗೆದುಹಾಕಲು ಬಳಸಬಹುದಾ? ಇನ್ನೊಂದು ಪ್ರಶ್ನೆ: 50 ಮೀಟರ್ .22 ಹೊಡೆಯುವ ಗೆಳೆಯರು ಕಾರ್ಟ್ರಿಜ್‌ಗಳನ್ನು ಇದೇ ತಕ್ಕಡಿಯಲ್ಲಿ ತೂಗಬಹುದಾ ಅಂತ ಕೇಳುತ್ತಿದ್ದಾರೆ. ಒಳಗಿನ ಮದ್ದನ್ನೇ ತೂಗಿ ಮತ್ತೆ ತುಂಬುವ ಮಾತೂ ಬಂತು.

ಫೋಂಡಾ_ಸೀಸ

ತೂಗುವುದಕ್ಕೆ ಮೊದಲು ಕಣ್ಣಿನ ಕೆಲಸ ಇದೆ, ಅದಕ್ಕೆ ತಕ್ಕಡಿಗಿಂತ ಹೆಚ್ಚು ಫಲ. ಪೆಲೆಟ್‌ನ ಹಿಂದಿನ ಸ್ಕರ್ಟ್ (ಟೊಳ್ಳಾದ ಅಂಚು) ಬಹಳ ತೆಳು, ಸಾಗಣೆಯಲ್ಲೇ ಬಾಗುತ್ತದೆ. ಸ್ಕರ್ಟ್ ಒಂದು ಕಡೆ ಒಳಗೆ ಹೋಗಿದ್ದರೆ ಪೆಲೆಟ್ ನಳಿಗೆಯ ಬಾಯಿ ದಾಟುವ ಕ್ಷಣದಲ್ಲಿ ಗಾಳಿ ಸುತ್ತಲೂ ಸಮವಾಗಿ ಹೊರಬೀಳುವುದಿಲ್ಲ, ಒಂದು ಬದಿಗೆ ತಳ್ಳುತ್ತದೆ. ಅದರಿಂದ ಆಗುವ ತಪ್ಪು ತೂಕದ ತಪ್ಪಿನ ಹಾಗೆ ಮೇಲೆ-ಕೆಳಗೆ ಮಾತ್ರ ಅಲ್ಲ, ಯಾವ ದಿಕ್ಕಿಗೂ ಹೋಗಬಹುದು. ಅಂಥ ಪೆಲೆಟ್‌ನ ತೂಕ ಮಾತ್ರ ಸರಿಯಾಗಿಯೇ ಇರುತ್ತದೆ. ತಕ್ಕಡಿ ಅದನ್ನು ಹಿಡಿಯಲಾರದು.

ಒಂದು ಗಾಜಿನ ಹಲಗೆಯನ್ನು ಸ್ವಲ್ಪ ಓರೆ ಇಟ್ಟು ಪೆಲೆಟ್ ಉರುಳಿಸಿ. ತಲೆ ಮತ್ತು ಸ್ಕರ್ಟ್‌ನ ವ್ಯಾಸ ಬೇರೆ ಇರುವುದರಿಂದ ಎಲ್ಲವೂ ಬಿಲ್ಲಿನ ಹಾಗೆ ಬಾಗಿಯೇ ಉರುಳುತ್ತವೆ, ಅದು ಸಹಜ. ಕುಪ್ಪಳಿಸುವುದು, ತಡೆದು ನಿಲ್ಲುವುದು, ಉಳಿದವು ಹೋದ ದಾರಿ ಬಿಟ್ಟು ಹೋಗುವುದು, ಇವನ್ನು ಬೇರೆ ಮಾಡಿ. ಅನುಮಾನ ಬಂದದ್ದನ್ನು ಭೂತಗನ್ನಡಿಯಲ್ಲಿ ಸ್ಕರ್ಟ್ ಕಡೆಯಿಂದ ನೋಡಿ. ಒಳಗೆ ಸೀಸದ ಚೂರು ಅಂಟಿದ್ದರೆ ಅದೂ ಬೇಡ. ಎತ್ತಲು ಪ್ಲಾಸ್ಟಿಕ್ ತುದಿಯ ಚಿಮಟ, ಹಿಡಿಯುವುದು ನಡುಸೊಂಟದಲ್ಲಿ. ಉಕ್ಕಿನ ಚಿಮಟದಿಂದ ಸ್ಕರ್ಟ್ ಒತ್ತಿದರೆ ಒಳ್ಳೆಯ ಪೆಲೆಟ್ ನಿಮ್ಮ ಕೈಯಲ್ಲೇ ಕೆಡುತ್ತದೆ. ಸೋಪಿನಲ್ಲಿ ತೊಳೆಯುವ ಪದ್ಧತಿಯೂ ಬೇಡ. ಮೇಲಿನ ತೆಳು ಎಣ್ಣೆ ಹೋಗುತ್ತದೆ, ತೊಳೆಯುವಾಗ ಒಂದಕ್ಕೊಂದು ತಾಗಿ ಪೆಟ್ಟಾಗುತ್ತದೆ.

ಕರಾವಳಿಯವರು ಇನ್ನೊಂದು ಗಮನಿಸಬೇಕು. ಮಳೆಗಾಲದ ತೇವದಲ್ಲಿ ಸೀಸದ ಮೇಲೆ ಬಿಳಿ ಪುಡಿ ಬರುವುದುಂಟು. ಮರದ ಪೆಟ್ಟಿಗೆಯಲ್ಲಿಟ್ಟರೆ ಹೆಚ್ಚು, ಯಾಕೆಂದರೆ ಮರದಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ. ತವರದ ಡಬ್ಬಿಯಲ್ಲೇ ಇಟ್ಟು, ಗಾಳಿ ಆಡದ ಡಬ್ಬದೊಳಗೆ ಸಿಲಿಕಾ ಜೆಲ್ ಜೊತೆ ಇಡಿ. ಪುಡಿ ಹಿಡಿದ ಪೆಲೆಟ್ ಬಳಸಬೇಡಿ, ಆ ಪುಡಿ ವಿಷ. ಊಟದ ಮೇಜಿನ ಮೇಲೆ ಈ ಕೆಲಸ ಬೇಡವೇ ಬೇಡ. ಮುಗಿದ ಮೇಲೆ ಮೇಜು ಒದ್ದೆ ಬಟ್ಟೆಯಿಂದ ಒರೆಸಿ, ಒಣ ಪೊರಕೆ ಹಾಕಬೇಡಿ, ಕೈ ಸೋಪಿನಿಂದ ತೊಳೆಯಿರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದರಲ್ಲಿ ರಿಯಾಯಿತಿ ಇಲ್ಲ.

ಧಾರವಾಡ_ಕೊಥ್ರೂಡ

ವರ್ಲಿಯವರ ಲೆಕ್ಕ ಒಪ್ಪತೀನಿ, ಆದ್ರೂ ತೂಗೋದು ಪೂರ್ತಿ ವ್ಯರ್ಥ ಅನ್ನೋದನ್ನ ಒಪ್ಪೂದಿಲ್ಲ. ಸರಾಸರಿಗೆ ಸಿಗೋ ಲಾಭ ಸಣ್ಣದು, ಖರೆ. ಆದ್ರ ಡಬ್ಬಿಯೊಳಗ ಎಲ್ಲೋ ಒಂದು 12-15 ಮಿಲಿಗ್ರಾಂ ತಪ್ಪಿದ್ದು ಬಂದ್ರ ಅದು ಅರ್ಧ ಮಿ.ಮೀ. ಕೆಳಗ ಅಥವಾ ಮ್ಯಾಲೆ, ಎರಡು ದಶಮಾಂಶ ಹೋತು. ಅಷ್ಟು ತೂಕ ತಪ್ಪಿದ ಪೆಲೆಟ್‌ನ ಆಕಾರನೂ ಅನುಮಾನದ್ದ. ಅದನ್ನ ಹಿಡಿಲಿಕ್ಕೆ ತಕ್ಕಡಿ ಬೇಕು. ಮಧ್ಯದ ತೂಕದಿಂದ 6 ಮಿಲಿಗ್ರಾಂ ಆಚೆ ಈಚೆ ಹೋದದ್ದು ಅಭ್ಯಾಸದ ಡಬ್ಬಿಗೆ, ಉಳಿದದ್ದು ಮ್ಯಾಚ್‌ಗೆ. ಗಡಿಯ ಸಮೀಪ ಬಂದದ್ದನ್ನ ಅಷ್ಟ ನಾಕು ಸಲ ತೂಗಿ ಸರಾಸರಿ ತೆಗೀರಿ, ತಪ್ಪು ಅರ್ಧ ಆಗತದ.

ಜಲ್ದಿ ಮುಗಸಬೇಕಂದ್ರ ತೆಗೆದು ತೂಗೋ ಪದ್ಧತಿ ಹಿಡೀರಿ. ಬಟ್ಟಲದಾಗ 20 ಪೆಲೆಟ್ ಹಾಕ್ರಿ, 10.6 ಗ್ರಾಂ ಆಸುಪಾಸು ಬರತದ, ಆ ಅಂಕಿ ಬರಕೊಳ್ರಿ. ಟೇರ್ ಒತ್ತಿ ಒಂದು ಪೆಲೆಟ್ ಎತ್ರಿ. ಪರದೆ ಮ್ಯಾಲೆ ಮೈನಸ್ 0.531 ಅಂತ ಬಂದ್ರ ಅದ ಅದರ ತೂಕ. ಮತ್ತ ಟೇರ್, ಮತ್ತ ಒಂದು. ಕಡೀಕೆ ಇಪ್ಪತ್ತೂ ಕೂಡಿಸಿ ಮೊದಲಿನ ಅಂಕಿಗೆ ಹೋಲಿಸ್ರಿ. 10 ಮಿಲಿಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದ್ರ ನಡುವ ಎಲ್ಲೋ ಸೊನ್ನೆ ಜಾರೇದ, ಆ ಇಪ್ಪತ್ತು ಮತ್ತ ತೂಗ್ರಿ. ಎರಡು ಡಬ್ಬಿಯ ಸರಾಸರಿ ಹೋಲಿಸೋದಾದ್ರ ಒಂದೊಂದು ತೂಗೋ ಗರಜೇ ಇಲ್ಲ. ಇಪ್ಪತ್ತಿಪ್ಪತ್ತು ಒಟ್ಟಿಗೆ ಹಾಕಿ ಭಾಗಿಸ್ರಿ, ಒಂದು ಪೆಲೆಟ್‌ಗೆ 0.1-0.2 ಮಿಲಿಗ್ರಾಂ ಮಟ್ಟಿಗೆ ಸರಾಸರಿ ಸಿಗತದ.

ವರ್ಲಿ_ಲೇನ್

6 ಮಿಲಿಗ್ರಾಂ ಮಿತಿಗೆ ನನ್ನ ತಕರಾರಿಲ್ಲ. ಉಳಿದ ಸಮಯವನ್ನು ಲಾಟ್ (ಒಮ್ಮೆಗೆ ತಯಾರಾದ ಕಂತು) ಟೆಸ್ಟಿಂಗ್‌ಗೆ ಕೊಡಿ, ಸ್ಕೋರ್ ಸಿಗುವುದು ಅಲ್ಲಿ. ಒಂದೇ ಹೆಸರಿನ ಪೆಲೆಟ್‌ನಲ್ಲೂ ಲಾಟ್ ಬದಲಾದರೆ, ಹೆಡ್ 4.49ರಿಂದ 4.50 ಆದರೆ ಅದೇ ನಳಿಗೆಯಲ್ಲಿ ಗುಂಪು ಬದಲಾಗುತ್ತದೆ. ಯಾವ ನಳಿಗೆಗೆ ಯಾವುದು ಹೊಂದುತ್ತದೆ ಎಂಬುದನ್ನು ಹೊಡೆದೇ ನೋಡಬೇಕು, ಅಳತೆಯಿಂದ ಹೇಳಲಿಕ್ಕೆ ಬರುವುದಿಲ್ಲ.

ರೈಫಲ್ ಕ್ಲ್ಯಾಂಪ್‌ನಲ್ಲಿ ಬಿಗಿಯಬೇಕು, ಹೆಗಲಿಗಿಟ್ಟು ಮಾಡುವ ಪರೀಕ್ಷೆ ನಿಮ್ಮ ಹಿಡಿತದ ಪರೀಕ್ಷೆ ಆಗುತ್ತದೆ. ಸಿಲಿಂಡರ್ ಒತ್ತಡ ಇಡೀ ಪರೀಕ್ಷೆಯಲ್ಲಿ ರೈಫಲ್‌ನ ಕೈಪಿಡಿ ಹೇಳುವ ಮಿತಿಯೊಳಗೆ ಇರಲಿ. ಲಾಟ್ ಬದಲಿಸಿದಾಗ ಮೊದಲ 10 ಹೊಡೆತ ಲೆಕ್ಕಕ್ಕಿಲ್ಲ, ನಳಿಗೆ ಹೊಸ ಸೀಸಕ್ಕೆ ಹೊಂದಿಕೊಳ್ಳಲಿ. ನಂತರ ಪ್ರತಿ ಲಾಟ್‌ಗೆ 10 ಹೊಡೆತದ ನಾಲ್ಕು ಗುಂಪು. 5 ಹೊಡೆತದ ಒಂದೇ ಗುಂಪು ನೋಡಿ ಡಬ್ಬಿ ಆರಿಸುವವರು ತುಂಬ ಜನ ಇದ್ದಾರೆ. ಆ ಅಳತೆ ಒಂದೇ ಲಾಟ್‌ನಲ್ಲೇ ಕಾಲು ಭಾಗದಷ್ಟು ಆಚೀಚೆ ಆಗುವುದು ಮಾಮೂಲು, ಅದರಿಂದ ಏನೂ ತಿಳಿಯುವುದಿಲ್ಲ. ಒಂದು ಲಾಟ್‌ನ ನಾಲ್ಕೂ ಗುಂಪು ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು ಲಾಟ್‌ಗಳನ್ನು ಒಂದು ಸುತ್ತು, ಇನ್ನೊಂದು ಸುತ್ತು ಅಂತ ಸರದಿಯಲ್ಲಿ ಹೊಡೆಯಿರಿ. ಬಿಸಿಲು, ಒತ್ತಡ ಬದಲಾದರೂ ಎಲ್ಲ ಲಾಟ್‌ಗೂ ಸಮ ಹಂಚಿಕೆ ಆಗುತ್ತದೆ.

ಇನ್ನು .22 ವಿಷಯ. ಕಾರ್ಟ್ರಿಜ್ ಇಡಿಯಾಗಿ ತೂಗಿದರೆ ಬರುವ ಅಂಕಿಯಲ್ಲಿ ಹಿತ್ತಾಳೆ, ಗುಂಡು, ಮದ್ದು, ಪ್ರೈಮರ್ ಎಲ್ಲ ಸೇರಿರುತ್ತವೆ. 40 ಗ್ರೇನ್ ಗುಂಡೊಂದೇ 2.59 ಗ್ರಾಂ. ಒಟ್ಟಿನಲ್ಲಿ 10 ಮಿಲಿಗ್ರಾಂ ಹೆಚ್ಚು ಬಂದರೆ ಅದು ಹಿತ್ತಾಳೆಯದಾ ಮದ್ದಿನದಾ ಹೇಳುವ ದಾರಿ ಇಲ್ಲ. ವೇಗ ಬದಲಿಸುವುದು ಮದ್ದು, ಹಿತ್ತಾಳೆಯ ತೂಕ ಅಲ್ಲ. ಅವರಿಗೂ ಲಾಟ್ ಟೆಸ್ಟಿಂಗೇ ದಾರಿ.

ಬಿಚ್ಚಿ ಮದ್ದು ತೂಗಿ ಮರಳಿ ತುಂಬುವ ಮಾತನ್ನು ಗೆಳೆಯರು ಅಲ್ಲಿಗೇ ನಿಲ್ಲಿಸಲಿ. .22 ರಿಮ್‌ಫೈರ್‌ನಲ್ಲಿ ಪ್ರೈಮರ್ ಮಿಶ್ರಣ ಅಂಚಿನ ಮಡಿಕೆಯೊಳಗೆ ಇರುತ್ತದೆ, ಒತ್ತಡ ಬಿದ್ದರೆ ಕೈಯಲ್ಲೇ ಸಿಡಿಯುತ್ತದೆ. ಅದು ಮರುಭರ್ತಿಗೆ ಮಾಡಿದ ಕಾರ್ಟ್ರಿಜ್ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಕೆಗೆ ಬೇರೆಯೇ ಲೈಸೆನ್ಸ್ ಬೇಕು. ರೈಫಲ್‌ನ ಲೈಸೆನ್ಸ್ ಅದಕ್ಕೆ ಆಗುವುದಿಲ್ಲ.

ಪೆಲೆಟ್ ಲಾಟ್ ಒಪ್ಪಿಗೆಯಾದ ಕೂಡಲೇ ಡಬ್ಬಿಯ ಹಿಂದಿನ ಲಾಟ್ ನಂಬರಿನ ಫೋಟೋ ತೆಗೆದಿಟ್ಟು, ಅದೇ ನಂಬರಿನ ಡಬ್ಬಿಗಳನ್ನು ಒಂದು ಸೀಸನ್‌ಗೆ ಬೇಕಾದಷ್ಟು ತೆಗೆದುಕೊಳ್ಳಿ. ಅಂಗಡಿಯಲ್ಲಿ ಆ ಲಾಟ್ ಮುಗಿದ ಮೇಲೆ ಪರೀಕ್ಷೆ ಮೊದಲಿಂದ ಶುರು ಮಾಡಬೇಕಾಗುತ್ತದೆ.